ಹಂದಿ ಬಣ್ಣದ ಗೋಮ

ಕುಮಾನೊ
ಡಿಸೆಂಬರ್ 3

ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡಿರುವ ನನ್ನ ಯಜಮಾನರಿಗೆ ಹಿಸನೊಳ ನಮಸ್ಕಾರ.

ಗೆದ್ದೆವು! ಕ್ಷೇಮ ಸಮಾಚಾರವೆಲ್ಲ ಆಮೇಲೆ.

"ಆ ಹಂದಿ ಬಣ್ಣದ ನಾಯಿ ಇರ್ಬೇಕು, ಇಲ್ಲ ನಾನಿರ್ಬೇಕು" ಎಂದು ಕಳೆದ ಚಳಿಗಾಲ ನೀವು ಶಿಂಗೂ ಪೇಟೆಯ ನಿಮ್ಮ ತಮ್ಮನ ಮನೆ ಸೇರಿದಿರಿ. ನಾನು ಗೋಮಳನ್ನು ಬಿಡಲಿಲ್ಲ. ಗಂಡನಿಗಿಂತ ನಾಯಿ ಹೆಚ್ಚಾಯಿತೇ ಎಂದು ಊರವರು ಮೂಗು ಮುರಿದರು. ಮುರಿಯಲಿ.

ಇವತ್ತು ಕಾಡುಹಂದಿ ಬೇಟೆಗೆ ಅವಳನ್ನು ಕರೆದೊಯ್ದಾಗ ಗುಂಪಿನ ಹಿರಿಯ ಯೋಹೆ ಅಜ್ಜ ತಡೆದ. "ನೋಡಮ್ಮ, ನಮ್ ಕಿಶೂ ತಳಿ ನಾಯಿ ಅಂದ್ರೆ ಬೆಳ್ಳಗಿರ್ಬೇಕು. ಪೊದೇಲಿ ಹಂದಿ ಯಾವ್ದು, ಇದ್ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ? ಯಾರಾದ್ರೂ ಗುಂಡು ಹಾರಿಸಿದ್ರೆ ಆಮೇಲೆ ಅಳ್ಬೇಡ." ನಾನು ಮದುವೆಯ ಕೆಂಪು ಸೊಂಟಪಟ್ಟಿಯನ್ನೇ ಹರಿದು ಅವಳ ಎದೆಗೆ ಸುತ್ತಿದೆ. ಅಜ್ಜ ನಕ್ಕುಬಿಟ್ಟ. "ಮದ್ವಣಗಿತ್ತೀನ ಬೇಟೆಗೆ ಕರ್ಕೊಂಡ್ ಹೋಗೋ ಕಾಲ ಬಂತಲ್ಲಪ್ಪಾ! ಇವತ್ತೊಂದಿನ ನೋಡ್ತೀನಿ. ಹಂದಿ ತಡೀಲಿಲ್ವೋ, ಮತ್ತೆ ಇದನ್ನ ಬೆಟ್ಟಕ್ಕೆ ತರಂಗಿಲ್ಲ."

ತನಗಿಂತ ಚೆಲುವಾದವರನ್ನು ಸಹಿಸದ ಬೆಟ್ಟದ ದೇವಿಗೆ ಹೊಟ್ಟೆಕಿಚ್ಚಾಗದಿರಲೆಂದು ಪದ್ಧತಿಯಂತೆ ವಿಕಾರ ಮುಖದ ಒಣಮೀನು ತೋರಿಸಿ ಹೊರಟೆವು. ನನ್ನ ಮುಖ ತೋರಿಸಿದರೂ ಸಾಕಿತ್ತು ಎನ್ನುತ್ತಿದ್ದಿರಿ ನೀವು.

ಗುಂಪಿನವರ ಬಿಳಿ ನಾಯಿಗಳು ಮೂರೂ ಆಚೆ ಕಣಿವೆಯಲ್ಲಿ ಬೊಗಳುತ್ತ ಸುತ್ತಿದವು. ಗೋಮ ಸದ್ದಿಲ್ಲದೆ ಬಿದಿರ ಮೆಳೆಗೆ ನುಗ್ಗಿದಳು. ಹೋಗಿ ನೋಡಿದರೆ, ನಮ್ಮ ಗೆಣಸಿನ ಹೊಲ ಹಾಳುಮಾಡಿದ ಅದೇ ಗಂಡು ಹಂದಿ ಬಂಡೆಗೆ ಬೆನ್ನು ಕೊಟ್ಟು ನಿಂತಿದೆ. ಇವಳು ಅದರ ಮೂತಿಯೆದುರು, ಒಂದು ಹೆಜ್ಜೆಯೂ ಕದಲದೆ! ಅಜ್ಜ ಬಂದೂಕು ಎತ್ತಿದಾಗ ನನ್ನ ಜೀವ ಬಾಯಿಗೆ ಬಂತು. ಕೆಂಪು ಪಟ್ಟಿ ಕಂಡು ಆತ ಕಾದ. ಅವಳು ಪಕ್ಕಕ್ಕೆ ಜಿಗಿದದ್ದೇ ತಡ, ಒಂದೇ ಗುಂಡು.

ತಡೆದ ನಾಯಿಗೇ ಮೊದಲ ತುಂಡು ಅಲ್ಲವೇ? ಅಜ್ಜ ಹಂದಿಯ ಹೃದಯ ಕೊಯ್ದು ಕೈಯಾರೆ ತಿನ್ನಿಸಿದ. "ಬೊಗಳೋ ನಾಯಿ ಕಚ್ಚಲ್ಲ ಅಂತ ಗೊತ್ತಿದ್ದೂ ಬಣ್ಣ ನೋಡಿ ಮೋಸ ಹೋದ್ನಲ್ಲ ತಾಯಿ" ಎಂದ. ಎಲ್ಲರೆದುರು ಅತ್ತುಬಿಟ್ಟೆ. ಇಷ್ಟು ಸಂತೋಷ ನನಗೆ ಎಂದೂ ಆಗಿರಲಿಲ್ಲ.

ಬೀಗುತ್ತಿರುವ ನಿಮ್ಮ
ಹಿಸನೊ

ತಾ.ಕ.: ಊಟದ ಹೊತ್ತಿಗೆ ಅಜ್ಜ ಗೋಮಳ ಅರ್ಧ ಕಿವಿ ಗಮನಿಸಿ, ಏನಾಯಿತೆಂದು ಕೇಳಿದ. ಹಂದಿಯ ಕೋರೆ ತಾಗಿತ್ತು ಎಂದೆ. ಹೊಲದಂಚಿನಲ್ಲಿ ಹಂದಿಯೆಂದುಕೊಂಡು ಗುಂಡು ಹಾರಿಸಿದ್ದು ನೀವೆಂಬುದು ನಮ್ಮ ಮೂವರಲ್ಲೇ ಇರಲಿ. ನೀವು ಮನೆ ಬಿಟ್ಟದ್ದು ಸಿಟ್ಟಿನಿಂದಲ್ಲ, ಅವಳ ಮುಖ ನೋಡಲಾರದೆ ಎಂದು ನನಗೆ ಅಂದೇ ಗೊತ್ತಿತ್ತು. ಅವಳು ಈಗಲೂ ನಿಮ್ಮ ಹಳೆಯ ಚಪ್ಪಲಿಯ ಮೇಲೆ ತಲೆಯಿಟ್ಟೇ ಮಲಗುತ್ತಾಳೆ. ಭಾನುವಾರ ಮತ್ತೆ ಬೇಟೆಯಿದೆ. ಅವಳ ಹಗ್ಗ ಹಿಡಿಯಲು ನೀವೇ ಬನ್ನಿ.