ಒಂದು ಹಿಡಿ ಕೊಸರು

ಪಾಲಹಳ್ಳಿ
ಸೋಮವಾರ, ೨೦ ಜನವರಿ ೨೦೨೫

ನನ್ನ ಕಂದ ಮಿತ್ರಾಗೆ,

ಅವ್ವನ ಆಶೀರ್ವಾದಗಳು. ಹೇಗಿದ್ದೀಯ? ಕೆಮ್ಮು ಬಿಟ್ಟಿತಾ? ಆ ರಾಚ್‌ಡೇಲಿನ ಚಳಿಯಲ್ಲಿ ಪಾಳಿ ಮುಗಿಸಿ ನಡೆದು ಬರಬೇಡ, ಬಸ್ಸಿಗೆ ಕಾಯಿ. ಊರವರ ಜ್ವರ ನೋಡುವ ನರ್ಸಮ್ಮ ತನ್ನ ಜ್ವರಕ್ಕೆ ಮಾತ್ರೆ ನುಂಗುವುದಿಲ್ಲ ಎಂದರೆ ಕೇಳಿದವರು ನಗುತ್ತಾರೆ. ನನಗೆ ಮಂಡಿ ನೋವೊಂದು ಬಿಟ್ಟರೆ ಬೇರೇನಿಲ್ಲ. ಕಾಗದ ಯಾಕೆ ಬರೆದಳು ಎಂದು ಗಾಬರಿಯಾಗಬೇಡ. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀಯ, ನಾನು ಅಳುತ್ತೇನೆ, ಹೇಳಬೇಕಾದ್ದು ಅಲ್ಲೇ ಉಳಿಯುತ್ತದೆ.

ನಮ್ಮ ಅಂಗಡಿಯ ವಿಷಯ ಕಣೆ. ಹೋದ ವರ್ಷ ನೀನು ಅಲ್ಲಿಯ ಹಳೇ ಅಂಗಡಿಯೊಂದರ ಫೋಟೊ ಕಳಿಸಿದ್ದೆಯಲ್ಲ, ನೂರೆಂಬತ್ತು ವರ್ಷದ ಹಿಂದೆ ಇಪ್ಪತ್ತೆಂಟು ಜನ ಮಗ್ಗದವರೂ ಕೂಲಿಯವರೂ ಕೂಡಿ ತೆರೆದದ್ದು. ಊರಿನ ಅಂಗಡಿಯವರು ಹಿಟ್ಟಿಗೆ ಕಲಬೆರಕೆ ಮಾಡುತ್ತಿದ್ದರು, ತೂಕದಲ್ಲಿ ಹೊಡೆಯುತ್ತಿದ್ದರು. ಇವರು ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸು, ಮೇಣದಬತ್ತಿ ಇಷ್ಟೇ ಇಟ್ಟುಕೊಂಡು ಶುರು ಮಾಡಿದರು, ತೂಕ ಸರಿಯಾಗಿರಬೇಕು, ಆಳಿಗೊಂದೇ ಓಟು ಎಂದೆಲ್ಲ ನೀನು ಬರೆದಿದ್ದೆ. ಅದನ್ನು ನಾನು ಗಾರ್ಮೆಂಟ್ಸಿನಲ್ಲಿ ಊಟದ ಹೊತ್ತಿಗೆ ಓದಿ ಹೇಳಿದ್ದೇ ತಡ, ಬಟ್ಟೆ ನೇಯುವವರಿಗೆ ಆದದ್ದು ಹೊಲೆಯುವ ನಮಗೆ ಯಾಕಾಗದು ಎಂದು ಇಫ್ಫತ್ ಎದ್ದು ನಿಂತಳು. ನನ್ನ ಪಕ್ಕದ ಮಿಷನ್ನಿನ ಹುಡುಗಿ, ಭಾರಿ ಚುರುಕು. ಈಗ ಮೂವತ್ತೊಂದು ಮನೆಯವರಿದ್ದೇವೆ. ಪಾಂಡವಪುರದ ಮಿಲ್ಲಿನಿಂದ ಅಕ್ಕಿ, ಅರಕೆರೆಯ ಆಲೆಮನೆಯಿಂದ ಬೆಲ್ಲ, ಪೇಟೆಯಿಂದ ಬೇಳೆ ಒಟ್ಟಿಗೆ ತಂದು ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹಂಚಿಕೊಳ್ಳುತ್ತೇವೆ. ನೀನು ಕಳಿಸಿದ ಆ ಅಂಗಡಿಯ ಫೋಟೊ ಬಾಬಾಸಾಹೇಬರ ಪಟದ ಪಕ್ಕದಲ್ಲಿದೆ. ತಕ್ಕಡಿಯ ಮುಂದೆ ಕೂರುವವಳು ನಿನ್ನವ್ವ. ಅದರ ಜಂಬ ನನಗೆ ಎಷ್ಟಿತ್ತೆಂದು ಈಗ ನಾಚಿಕೆಯಾಗುತ್ತದೆ.

ಹೋದ ಭಾನುವಾರದ ಹಿಂದಿನ ಭಾನುವಾರ ಪಾಲು ಒಯ್ಯಲು ಕೊನೆಗೆ ಬಂದವಳು ಬೈರಮ್ಮ. ನಮ್ಮ ಗಾರ್ಮೆಂಟ್ಸಿನಲ್ಲಿ ಕಸ ಗುಡಿಸುವ ಮುದುಕಿ, ಪಾಪದವಳು. ಅವಳಿಗೆ ಇಪ್ಪತ್ತು ಕೆ.ಜಿ. ಅಕ್ಕಿ ಸೇರಬೇಕು, ಮೂಟೆಯಲ್ಲಿದ್ದದ್ದು ಹನ್ನೆರಡೇ. ಎಲ್ಲರಿಗೂ ಕೊಟ್ಟ ತೂಕ ಸರಿಯಾಗಿದೆ, ಮಿಲ್ಲಿನಿಂದ ಬಂದ ತೂಕವೂ ಸರಿಯಾಗಿದೆ. ಅಕ್ಕಿ ಇದ್ದದ್ದು ನಮ್ಮ ಮನೆಯಲ್ಲಿ, ಬೀಗ ನನ್ನ ಸೆರಗಿನಲ್ಲಿ. ಬೈರಮ್ಮ "ನನ್ನಕ್ಕಿ ಎಲ್ಲೋಯ್ತು ಮಾಯಕ್ಕ?" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮಗಳೇ.

ಇರಲಿ ಎಂದು ಅವಳ ಬೇಳೆಯನ್ನಾದರೂ ತೂಗಿ ಕೊಟ್ಟೆ. ತಕ್ಕಡಿಯಿಂದ ಚೀಲ ಇಳಿಸಿದೆ. "ಆಂಟಿ, ಈಗೇನ್ ಮಾಡುದ್ರಿ?" ಎಂದಳು ಪಕ್ಕದಲ್ಲಿ ನಿಂತಿದ್ದ ಇಫ್ಫತ್. ಏನು ಮಾಡಿದೆ ಎಂದೆ. "ನಿಮ್ ಕೈ ನೋಡ್ಕಳಿ." ನೋಡುತ್ತೇನೆ, ನನ್ನ ಕೈ ಬೇಳೆಯ ಹಿಡಿ ತುಂಬಿಕೊಂಡು ಬೈರಮ್ಮನ ಚೀಲದ ಮೇಲಿದೆ! ನಿನ್ನಜ್ಜಿ ಪಟ್ಟಣದ ಸಂತೆಯಲ್ಲಿ ಅವರೆಕಾಯಿ ಮಾರುವಾಗ, ತೂಗಿದ ಮೇಲೆ ಒಂದು ಹಿಡಿ ಕೊಸರು ಹಾಕದೆ ಯಾರನ್ನೂ ಕಳಿಸಬಾರದು ಎಂದು ನನ್ನ ಕೈಗೆ ಕಲಿಸಿಬಿಟ್ಟಿದ್ದಳು. ಮನೆಗೆ ಇಪ್ಪತ್ತು ಕೆ.ಜಿ., ಐದೈದು ಕೆ.ಜಿ. ತೂಗಿದಾಗಲೆಲ್ಲ ಒಂದೊಂದು ಹಿಡಿ, ಹೀಗೆ ಮೂವತ್ತು ಮನೆಗೆ. ಬೈರಮ್ಮನ ಅಕ್ಕಿಯನ್ನು ನಾನೇ ಊರಿಗೆಲ್ಲ ಹಂಚಿದ್ದೆ, ನನಗೇ ತಿಳಿಯದೆ. ಸಂತೆಯಲ್ಲಾದರೆ ಮಾಲು ಅವ್ವನದು. ಇಲ್ಲಿ ಎಲ್ಲರದೂ ಅಲ್ಲವೇ, ಕೊಸರು ಕೊನೆಯವರ ಪಾಲಿನಿಂದಲೇ ಹೋಗುತ್ತದೆ.

ಸಂಜೆಯೊಳಗೆ ವಿಷಯ ಮನೆಮನೆಗೂ ಮುಟ್ಟಿತು. ಒಬ್ಬೊಬ್ಬಳೇ ಮೊರದಲ್ಲಿ, ಸೆರಗಿನಲ್ಲಿ, ಟಿಫನ್ ಡಬ್ಬಿಯಲ್ಲಿ ಅಕ್ಕಿ ತಂದು ಬೈರಮ್ಮನ ಚೀಲಕ್ಕೆ ಹಾಕಿ ಹೋದರು. ಕೊನೆಗೆ ತೂಗಿದರೆ ಇಪ್ಪತ್ತೊಂದು. ಹೆಚ್ಚಿನದನ್ನು ಬೈರಮ್ಮ ತೆಗೆಯಲು ಹೋದಾಗ ಎಲ್ಲರೂ ಬೈದು ಕಳಿಸಿದರು. ಅವತ್ತು ನಾನು ಅತ್ತದ್ದು ಅವಮಾನಕ್ಕಲ್ಲ.

ಆದರೂ ತಕ್ಕಡಿ ನನಗೆ ಬೇಡ ಎಂದೆ. ಹಾಗೆಲ್ಲ ಆಗುವುದಿಲ್ಲ, ಆಳಿಗೊಂದು ಓಟು, ಎಲ್ಲರೂ ಸೇರಿ ತೀರ್ಮಾನಿಸಬೇಕು ಎಂದಳು ಇಫ್ಫತ್. ನಿನ್ನೆ ಚೀಟಿ ಹಾಕಿದರು. ನಾನೇ ಇರಲಿ ಎನ್ನುವವರು ಸರಿ ಗುರುತು, ಬೇಡ ಎನ್ನುವವರು ತಪ್ಪು ಗುರುತು. ಮೂವತ್ತು ಸರಿ, ಒಂದು ತಪ್ಪು. ಎಲ್ಲರ ಕಣ್ಣೂ ಬೈರಮ್ಮನ ಕಡೆ ತಿರುಗಿದವು. "ನಾನಲ್ಲ ಕಣ್ರವ್ವಾ, ನನ್ ಮೊಮ್ಮಗೀನ ಆಣೆಗೂ ನಾನಲ್ಲ" ಎಂದಳು. ಯಾರೂ ನಂಬಲಿಲ್ಲ. ಅಷ್ಟು ಅಕ್ಕಿ ತುಂಬಿಕೊಟ್ಟರೂ ಇವಳಿಗೆ ಹೊಟ್ಟೆಯುರಿ ಎಂದು ಒಬ್ಬಳು ಗೊಣಗಿದಳು. ಇವತ್ತು ಊಟದ ಹೊತ್ತಿಗೆ ಬೈರಮ್ಮ ನಮ್ಮ ಸಾಲಿಗೆ ಬರಲಿಲ್ಲ, ನಲ್ಲಿಯ ಹತ್ತಿರ ಒಬ್ಬಳೇ ಕೂತು ಮುದ್ದೆ ಉಂಡಳು.

ನೀನು ಹೊತ್ತಿಗೆ ಸರಿಯಾಗಿ ಉಣ್ಣು. ಉಲ್ಲನ್ ಟೋಪಿ ತೆಗೆಯಬೇಡ. ಇಫ್ಫತ್ ನಿನ್ನನ್ನು ಕೇಳಿದಳು. ನಿನ್ನ ಜೊತೆಯ ನರ್ಸುಗಳಿಗೆಲ್ಲ ನಾನು ಕೇಳಿದೆನೆಂದು ತಿಳಿಸು. ನೂರು ಕಾಲ ಚೆನ್ನಾಗಿ ಬಾಳು ತಾಯಿ.

ನಿನ್ನ ಅವ್ವ,
ಮಾಯಮ್ಮ

ಕವರಿಗೆ ಅಂಟು ಹಾಕುವ ಮುಂಚೆ ಇನ್ನೊಂದು ಮಾತು. ಆ ತಪ್ಪು ಗುರುತಿನ ಚೀಟಿ ನನ್ನದು ಕಣೆ. ನನ್ನ ಕೈಯನ್ನು ನಾನೇ ನಂಬಲಾರದೆ ಹಾಕಿದೆ. ಬೈರಮ್ಮ ಆಣೆ ಇಡುವಾಗ ಬಾಯಿ ಬಿಡಬೇಕಿತ್ತು, ಮೂವತ್ತು ಜನ ನನ್ನನ್ನು ಹೊಗಳುತ್ತಿದ್ದರು, ಬಿಡಲಿಲ್ಲ. ಗೊತ್ತಿದ್ದೂ ಮಾಡಿದ ತಪ್ಪು ಇದೊಂದೇ. ನಾಳೆ ಊಟದ ಡಬ್ಬಿ ತೆಗೆದುಕೊಂಡು ನಲ್ಲಿಯ ಹತ್ತಿರ ಹೋಗಿ ಅವಳ ಪಕ್ಕ ಕೂರುತ್ತೇನೆ, ಎಲ್ಲರಿಗೂ ಕೇಳುವ ಹಾಗೆ ಹೇಳುತ್ತೇನೆ. ಮೊದಲು ನಿನಗೆ ಹೇಳಿದರೆ ಧೈರ್ಯ ಬರುತ್ತದೆ ಎಂದು ಬರೆದೆ.