ಕಣದ ಅಜ್ಜಿಯ ನಲವತ್ತೆರಡು ಖಾಲಿ ಮಾತ್ರೆಪಟ್ಟಿಗಳು

ನಮಗೆ ಆರೋಗ್ಯ ವಿಮೆಯ ಕಾರ್ಡು ಕೊಟ್ಟು, ವಿಮೆಯನ್ನು ಮಾತ್ರ ತಮ್ಮಲ್ಲೇ ಜೋಪಾನವಾಗಿ ಇಟ್ಟುಕೊಂಡಿರುವ ಜಿಲ್ಲಾ ಕಚೇರಿಯ ಮಾನ್ಯ ವ್ಯವಸ್ಥಾಪಕರೇ,

ನನ್ನ ಅಜ್ಜಿ ಗಿಡ್ಡಮ್ಮ ದಿನಕ್ಕೊಂದರಂತೆ ನುಂಗಬೇಕಾದ ಹೆದರಿಕೆಯ ಮಾತ್ರೆಗೆ ವಿಮೆ ಸಿಗುವುದಿಲ್ಲವೆಂದು ನೀವು ಮೂರು ಸಲ, ಮೂರು ಬೇರೆ ಬೇರೆ ಕಾರಣ ಕೊಟ್ಟು ಬರೆದಿದ್ದೀರಿ. ಮಾತ್ರೆ ನಿಂತು ನಾಲ್ಕು ತಿಂಗಳಾಯಿತು. ಮಾತ್ರೆ ನಿಂತದ್ದರಿಂದ ಅವಳ ಕೆಲಸ ಹೋಗುವುದರಲ್ಲಿದೆ. ಬರುವ ಏಪ್ರಿಲ್ ಒಂದನೇ ತಾರೀಕಿಗೆ ಮುಂದಿನ ವರ್ಷದ ವಿಮೆಗೆಂದು ಅವಳ ಕೂಲಿಯಿಂದ ಮತ್ತೆ ಹಣ ಹಿಡಿಯುತ್ತಾರೆ. ಅದಕ್ಕೆ ಮೊದಲು ನಿಮ್ಮಿಂದ ಒಂದು ಉತ್ತರ ಬೇಕು. ನಿಮ್ಮ ಕಚೇರಿಯ ಕಿಟಕಿಯ ಮುಂದೆ ನಿಂತು ಕೇಳುವ ಧೈರ್ಯ ನನಗಿಲ್ಲ. ಎರಡು ಸಲ ಬಂದಿದ್ದೆ. ಎರಡು ಸಲವೂ ಹೇಳಬೇಕೆಂದುಕೊಂಡದ್ದನ್ನು ಹಾಗೇ ವಾಪಸು ತಂದೆ. ಆದ್ದರಿಂದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ನಾನು ಓದಿದ್ದು ಐದನೇ ತರಗತಿ. ಬರವಣಿಗೆಯಲ್ಲಿ ತಪ್ಪಿದ್ದರೆ ಕ್ಷಮಿಸಬೇಕಾಗಿಲ್ಲ, ಎತ್ತಿ ತೋರಿಸಿ. ತಪ್ಪು ಹುಡುಕುವುದರಲ್ಲಿ ನಿಮ್ಮ ಕಚೇರಿಯನ್ನು ಮೀರಿಸುವವರಿಲ್ಲ ಎಂಬುದನ್ನು ನಾವು ಅನುಭವದಿಂದ ಬಲ್ಲೆವು.

ಅಜ್ಜಿಯ ಕೆಲಸ ಏನೆಂದು ಮೊದಲು ಹೇಳುತ್ತೇನೆ. ಜಾವಳಿ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಅವಳು ಮೂವತ್ತೊಂದು ವರ್ಷದಿಂದ ಕಣ ಕಾಯುತ್ತಾಳೆ. ಕುಯ್ಲಿನ ತಿಂಗಳುಗಳಲ್ಲಿ ಹಣ್ಣಿನ ಸಿಪ್ಪೆ ಸುಲಿದು ತೊಳೆದ ಬೀಜವನ್ನು, ನಾವು ಪಾರ್ಚ್‌ಮೆಂಟ್ ಎನ್ನುವುದನ್ನು, ಕಣದಲ್ಲಿ ಹರವಿ ಒಣಗಿಸುತ್ತಾರೆ. ಅದನ್ನು ಆಗಾಗ ಗೋರುತ್ತಿರಬೇಕು. ಮಳೆಗೆ ಸಿಕ್ಕಿತೋ, ಬಣ್ಣ ಕೆಟ್ಟು ಮುಗ್ಗಲು ವಾಸನೆ ಹಿಡಿಯುತ್ತದೆ. ಹಾಗಾಗಿ ಗೋರುವುದರ ಜೊತೆಗೆ ಆಕಾಶ ನೋಡುವುದೂ ಅಜ್ಜಿಯ ಕೆಲಸ. ದೇವರಮನೆ ಗುಡ್ಡದ ದಿಕ್ಕಿನಲ್ಲಿ ಮೋಡ ಕಟ್ಟಿ ಗಾಳಿ ತಿರುಗಿತೆಂದರೆ ಅವಳು "ಮಳೆ! ಮಳೆ!" ಎಂದು ಕೂಗುವಳು. ಆ ಕೂಗು ಬಿದ್ದರೆ ತೋಟದ ಯಾವ ಮೂಲೆಯಲ್ಲಿದ್ದವರೂ ಕುಯ್ಲಿನ ಬುಟ್ಟಿಯನ್ನು ಇದ್ದಲ್ಲೇ ಬಿಟ್ಟು ಕಣಕ್ಕೆ ಓಡಿಬಂದು ಬೀಜ ರಾಶಿ ಮಾಡಿ ಟಾರ್ಪಾಲು ಎಳೆಯಬೇಕು. ಮೇಸ್ತ್ರಿ ಗದರಿದರೂ ಮೆಲ್ಲಗೆ ಏಳುವ ಜನ ಅಜ್ಜಿಯ ಕೂಗಿಗೆ ಎದ್ದುಬಿದ್ದು ಓಡುತ್ತಿದ್ದರು. ಅವಳಿಗಿದ್ದ ಆಸ್ತಿ ಆ ಕೂಗೊಂದೇ.

2004ರ ಡಿಸೆಂಬರಿನಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಕಂಬಕ್ಕೆ ಒರಗಿದವಳಿಗೆ ಕಾಲು ಗಂಟೆ ಕಣ್ಣು ಹತ್ತಿತು. ಆ ಕಾಲು ಗಂಟೆಯಲ್ಲೇ ಅಕಾಲದ ಮಳೆ ಬಂದು ಇಡೀ ಕಣ ನೆನೆಯಿತು. ಯಾರೂ ಬೈಯಲಿಲ್ಲ. ಮೇಸ್ತ್ರಿ ಬೊಮ್ಮಯ್ಯನವರು, "ಇರ್ಲಿ ಬಿಡಜ್ಜಿ, ನಿಂಗೂ ವಯಸ್ಸಾಯ್ತಲ್ಲ" ಎಂದರು, ಅಷ್ಟೆ. ಬೈದಿದ್ದರೆ ಎರಡು ದಿನ ಅತ್ತು ಸುಮ್ಮನಾಗುತ್ತಿದ್ದಳೋ ಏನೋ. ಆ ಮೆತ್ತಗಿನ ಮಾತು ಅವಳ ಒಳಗೆ ಇಳಿದು ಅಲ್ಲೇ ಕೂತಿತು.

ಮುಂದಿನ ಕುಯ್ಲಿಗೆ ಅವಳು ನೆತ್ತಿ ಸುಡುವ ಬಿಸಿಲಿನಲ್ಲಿ "ಮಳೆ!" ಎಂದು ಕೂಗತೊಡಗಿದಳು. ಮೊದಮೊದಲು ಎಲ್ಲರೂ ನಕ್ಕರು. "ಎಂಥ ಮಾರಾಯ್ತಿ, ಕಾಗೆ ನೆರಳು ಕಂಡ್ರೂ ಟಾರ್ಪಾಲು ಎಳೆಸ್ತೀಯಲ್ಲ" ಎಂದು ಪಕ್ಕದ ಮನೆಯ ರಾಮಮ್ಮ ರೇಗಿಸಿದಳು. ಒಂದೇ ದಿನ ನಾಲ್ಕು ಸಲ ಕೂಗಿದಾಗ ಯಾರೂ ನಗಲಿಲ್ಲ. ಅಜ್ಜಿಗೆ ಎದೆ ಡವಗುಟ್ಟುತ್ತಿತ್ತು, ಅನ್ನದ ತಟ್ಟೆ ಬಿಟ್ಟು ಹೊರಗೆ ಹೋಗಿ ಆಕಾಶ ನೋಡಿ ಬರುತ್ತಿದ್ದಳು. ಮೂಡಿಗೆರೆ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಎಲ್ಲ ಪರೀಕ್ಷೆ ಮಾಡಿ, "ಅಜ್ಜಿ, ನಿಮ್ಮ ಎದೆ ಗಟ್ಟಿಯಾಗೇ ಇದೆ. ಒಳಗೆ ಹೆದರಿಕೆ ಸೇರ್ಕೊಂಡಿದೆ. ಅದೂ ಜ್ವರದ ಹಾಗೆ ಒಂದು ಕಾಯಿಲೆ. ದಿನಾ ಒಂದು ಮಾತ್ರೆ ತಗೊಳ್ಳಿ, ನಾನು ಹೇಳದೆ ಬಿಡ್ಬೇಡಿ" ಎಂದರು. ಒಂದೂವರೆ ತಿಂಗಳಲ್ಲಿ ಸುಳ್ಳು ಮಳೆ ನಿಂತಿತು. ಅಜ್ಜಿ ಮತ್ತೆ ತಟ್ಟೆ ಖಾಲಿಯಾಗುವ ತನಕ ಕೂತು ಉಣ್ಣತೊಡಗಿದಳು. ಮಾನ್ಯರೇ, ಔಷಧಿ ಕೆಲಸ ಮಾಡಿತು ಎನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಕೇ?

ಬೇಕಂತೆ. ಇನ್ನು ಪುರಾವೆಯ ವಿಷಯಕ್ಕೆ ಬರುತ್ತೇನೆ.

ನಮ್ಮ ಎಸ್ಟೇಟಿನ ಸ್ಟೋರಿನಲ್ಲಿ ಒಂದು ಪದ್ಧತಿ ಇದೆ. ಹೊಸ ಕಂಬಳಿ, ಹೊಸ ಕತ್ತಿ, ಹೊಸ ಬುಟ್ಟಿ ಏನು ಬೇಕಾದರೂ ಹಳೆಯದನ್ನು ತಂದು ಒಪ್ಪಿಸಬೇಕು. ಒಮ್ಮೆ ಅಜ್ಜಿಯ ಕತ್ತಿಯ ಅಲಗು ಪೂರ್ತಿ ಸವೆದು ಮುರಿದುಹೋಗಿತ್ತು. ಬರೀ ಹಿಡಿ ಒಯ್ದಳು. ಸ್ಟೋರಿನ ಮಂಜಯ್ಯನವರು, "ಹಿಡಿಯಾದ್ರೂ ತಂದ್ಯಲ್ಲ, ಸಾಕು" ಎಂದು ಹೊಸ ಕತ್ತಿ ಕೊಟ್ಟರು. ಹಳೆಯದು ಒಳಗೆ ಹೋದರೆ ಹೊಸದು ಹೊರಗೆ ಬರುತ್ತದೆ. ಅಜ್ಜಿ ಕಂಡ ಕಾನೂನು ಇದೊಂದೇ. 2005ರಲ್ಲಿ ನಿಮ್ಮ ಕಚೇರಿಯವರೊಬ್ಬರು ಬಂದು ಇದೇ ಕಣದಲ್ಲಿ ನಿಂತು, ಎಲ್ಲರಿಗೂ ಕಾರ್ಡು ಹಂಚಿ, "ಇನ್ನು ಆಸ್ಪತ್ರೆ ಔಷಧಿಯ ಚಿಂತೆ ನಮಗೆ ಬಿಡಿ" ಎಂದಿದ್ದರು. ಆ ಮಾತು ಕನ್ನಡದಲ್ಲಿತ್ತು. ಷರತ್ತುಗಳು ಕಾರ್ಡಿನ ಹಿಂದೆ ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿಗಿಂತ ಸಣ್ಣದಾಗಿ ಇದ್ದವು. ಅಜ್ಜಿ ಕನ್ನಡದ ಮಾತನ್ನು ನಂಬಿ, ಖಾಲಿಯಾದ ಒಂದೊಂದು ಮಾತ್ರೆಪಟ್ಟಿಯನ್ನೂ ಒರೆಸಿ, ಹತ್ತು ಹತ್ತಾಗಿ ಜೋಡಿಸಿ, ಕಾಫಿ ಚೀಲ ಹೊಲಿಯುವ ದಾರದಲ್ಲಿ ಕಟ್ಟಿಟ್ಟಳು. ಕಳೆದ ವರ್ಷ ಮಾರ್ಚಿನಲ್ಲಿ ನಲವತ್ತೆರಡು ಪಟ್ಟಿಗಳನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಇಬ್ಬರೂ ಚಿಕ್ಕಮಗಳೂರಿಗೆ ಬಸ್ಸು ಹತ್ತಿದೆವು.

ನಿಮ್ಮ ಗುಮಾಸ್ತರು ಗಂಟು ಬಿಚ್ಚಿ ನೋಡಿ, "ಏನಮ್ಮ ಇದು, ಗುಜರಿ ಅಂಗಡಿ ಅಂದ್ಕೊಂಡ್ರಾ?" ಎಂದರು.

"ಎಣ್ಸಿ ನೋಡಿ ಸ್ವಾಮಿ. ನಲ್ವತ್ತೆರಡು ಇದಾವೆ. ಒಂದ್ ಮಾತ್ರೆನೂ ವ್ಯರ್ಥ ಮಾಡಿಲ್ಲ" ಎಂದಳು ಅಜ್ಜಿ.

"ಇದೆಲ್ಲ ನಡೆಯಲ್ಲ. ಬಿಲ್ ಎಲ್ಲಿ, ಬಿಲ್?"

"ಬಿಲ್ಲು ಕಾಗ್ದ ಅಲ್ವಾ ಸ್ವಾಮಿ? ಕಾಗ್ದ ಯಾರ್ ಬೇಕಾದ್ರೂ ಬರೀತಾರೆ. ಇದು ನಾನು ನುಂಗಿದ್ದು."

ಹಿಂದೆ ಸಾಲಿನಲ್ಲಿ ನಿಂತಿದ್ದವರು ಗೊಳ್ಳೆಂದರು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಾ ನಿಂತುಬಿಟ್ಟೆ. ನಾಚಿಕೆಯಾಗಿತ್ತು. ಈಗ ಆ ನಾಚಿಕೆಗೇ ನಾಚಿಕೆಯಾಗುತ್ತದೆ. ನಮ್ಮನ್ನು ಸಾಗಹಾಕಿದರೆ ಸಾಕೆಂದು ಗುಮಾಸ್ತರು ನನ್ನಿಂದ ಒಂದು ಅರ್ಜಿ ಬರೆಸಿ, ಗಂಟನ್ನು ಒಳಗಿಟ್ಟುಕೊಂಡು, ನಕಲಿನ ಮೇಲೆ "ಸ್ವೀಕರಿಸಿದೆ, ಅಡಕ: ಖಾಲಿ ಪಟ್ಟಿ 42" ಎಂದು ಬರೆದು ಮೊಹರು ಹಾಕಿದರು. ಬಿಲ್ಲುಗಳನ್ನು ಆಮೇಲೆ ಅಂಚೆಯಲ್ಲಿ ಕಳಿಸಿದೆವು. ಅಜ್ಜಿ ಬಸ್ಸಿನಲ್ಲಿ ಇಡೀ ದಾರಿ ನೆಮ್ಮದಿಯಿಂದ ಇದ್ದಳು. ಹಳೆಯದು ಒಳಗೆ ಹೋಗಿತ್ತಲ್ಲ.

ನಿಮ್ಮ ಮೊದಲ ಪತ್ರ ಮೇ ತಿಂಗಳಲ್ಲಿ ಬಂತು. "ಸದರಿ ವಿಮಾದಾರರು ಇಪ್ಪತ್ತನಾಲ್ಕು ಗಂಟೆಗಳ ಕಾಲ ಒಳರೋಗಿಯಾಗಿ ದಾಖಲಾಗಿರದ ಕಾರಣ ಮನವಿಯನ್ನು ಪರಿಗಣಿಸಲಾಗದು." ಅಂದರೆ, ಮಾತ್ರೆ ನುಂಗಿ ಹುಷಾರಾಗಿ ಕೆಲಸಕ್ಕೆ ಹೋದದ್ದು ಅಜ್ಜಿಯ ತಪ್ಪು. ಆಮೇಲೆ ಮಳೆಗಾಲ ಹಿಡಿಯಿತು. ವಾರದಲ್ಲಿ ಮೂರು ದಿನ ಕೆಲಸವಿದ್ದರೆ ಹೆಚ್ಚು. ಅಜ್ಜಿ ನನಗೆ ಹೇಳದೆ ದಿನ ಬಿಟ್ಟು ದಿನ ಮಾತ್ರೆ ತೆಗೆದುಕೊಂಡಳು. ಜುಲೈಯಲ್ಲಿ ಉಸಿರು ಸಿಕ್ಕಿಕೊಂಡು, ಸತ್ತೇಹೋಗುತ್ತೇನೆಂದು ನನ್ನ ಕೈ ಬಿಡದೆ ಹಿಡಿದಳು. ಆಸ್ಪತ್ರೆಯಲ್ಲಿ ಎರಡು ದಿನ ದಾಖಲು ಮಾಡಿಕೊಂಡರು. ನಿಮ್ಮ ಇಪ್ಪತ್ತನಾಲ್ಕು ಗಂಟೆಗೆ ನಾವು ನಲವತ್ತೆಂಟು ಕೊಟ್ಟೆವು. ಸೆಪ್ಟೆಂಬರಿನಲ್ಲಿ ಎರಡನೇ ಪತ್ರ: "ಮಾನಸಿಕ ಅಸ್ವಸ್ಥತೆಯು ವಿಮೆಯ ವ್ಯಾಪ್ತಿಗೆ ಒಳಪಡುವುದಿಲ್ಲ." ಇನ್ನೊಮ್ಮೆ ಪರಿಶೀಲಿಸಿ ಎಂದು ಬೇಡಿಕೊಂಡಾಗ ಒಂದು ನಮೂನೆ ಕಳಿಸಿದಿರಿ. ಕಾಯಿಲೆ ಎಂದು ಶುರುವಾಯಿತು ಎಂದು ಅದರಲ್ಲಿ ಕೇಳಿತ್ತು. ಕಣ ನೆನೆದ ದಿನವನ್ನೇ ಬರೆಸಿದಳು ಅಜ್ಜಿ. ಮೂರನೇ ಪತ್ರ: "ಕಾಯಿಲೆಯು ವಿಮೆ ಜಾರಿಗೆ ಬರುವ ಮೊದಲೇ ಇದ್ದುದರಿಂದ ಮನವಿಯನ್ನು ತಿರಸ್ಕರಿಸಲಾಗಿದೆ."

ಐದನೇ ತರಗತಿಯ ಬುದ್ಧಿಗೆ ಒಂದು ಪ್ರಶ್ನೆ. ಎರಡನೇ ಪತ್ರದಲ್ಲಿ ಅದು ನಿಮ್ಮ ವ್ಯಾಪ್ತಿಯ ಕಾಯಿಲೆಯೇ ಅಲ್ಲ. ಮೂರನೆಯದರಲ್ಲಿ ಅದು ಮೊದಲಿನಿಂದಲೂ ಇದ್ದ ಕಾಯಿಲೆ. ಹಣ ಕೊಡಬೇಕಾದಾಗ ಇಲ್ಲದ್ದು, ಕೊಡದಿರಲು ಬೇಕಾದಾಗ ಮೊದಲೇ ಇತ್ತೇ? ಅಜ್ಜಿಯ ಬಿಸಿಲಿನ ಮಳೆಗೂ ನಿಮ್ಮ ಈ ಕಾಯಿಲೆಗೂ ಏನು ವ್ಯತ್ಯಾಸ? ಅವಳಿಗಾದರೆ ಡಾಕ್ಟರು ಮಾತ್ರೆ ಬರೆದುಕೊಟ್ಟರು. ವಯಸ್ಸಾದವರಿಗೆ ಮೈ ಮಾತ್ರ ಕೆಡುತ್ತದೆ, ಮನಸ್ಸು ಕೆಡುವುದಿಲ್ಲ ಎಂದು ನಿಮಗೆ ಯಾರು ಹೇಳಿದರು? ನನ್ನ ಅಜ್ಜಿಯನ್ನು ರೇಗಿಸಿದ ರಾಮಮ್ಮನೇ ಈಗ ಒಂದು ವರ್ಷದಿಂದ ಬಸ್ಸು ಹತ್ತುತ್ತಿಲ್ಲ. ಬಾಗಿಲು ಮುಚ್ಚಿದರೆ ಉಸಿರುಕಟ್ಟುತ್ತದಂತೆ. ನಮ್ಮ ಕೂಲಿ ಲೈನಿನ ಮನೆಗಳಲ್ಲಿ ಇದನ್ನು ವಯಸ್ಸು ಎನ್ನುತ್ತಾರೆ. ಡಾಕ್ಟರು ಕಾಯಿಲೆ ಎನ್ನುತ್ತಾರೆ. ಕಾಯಿಲೆ ಎನ್ನುತ್ತಲೇ ಬಾಗಿಲು ಹಾಕಿಕೊಂಡವರು ನೀವೊಬ್ಬರೇ.

ಡಾಕ್ಟರು ಒಳ್ಳೆಯವರು. ಕನಿಕರದಿಂದ, "ಎದೆನೋವು ಅಂತ ಬರೆದುಕೊಡ್ಲಾ? ಇನ್ನೊಂದ್ಸಲ ದಾಖಲಾದ್ರೆ ಸಿಕ್ಕಿದ್ರೂ ಸಿಗಬಹುದು" ಎಂದರು. ನಾನು ತಲೆಯಾಡಿಸಲಿದ್ದೆ. ಅಜ್ಜಿ ತಡೆದಳು: "ಬ್ಯಾಡ ಸ್ವಾಮಿ. ಇಲ್ದಿದ್ ಮಳೆ ಕೂಗಿ ಕೂಗಿ ನನ್ ಮಾತಿನ ಬೆಲೆ ಹೋಯ್ತು. ಈಗ ಇಲ್ದಿದ್ ನೋವು ಬರೆಸಿ ನಿಮ್ಮ ಕಾಗ್ದದ ಬೆಲೆನೂ ಕಳೀಬೇಕಾ?" ಡಾಕ್ಟರು ಪೆನ್ನಿನ ಮುಚ್ಚಳ ಹಾಕಿದರು. ನವೆಂಬರಿನ ಕೊನೆಗೆ ಮಾತ್ರೆ ಪೂರ್ತಿ ನಿಂತಿತು.

ಮಾತ್ರೆ ಇಲ್ಲದ ಕುಯ್ಲಿನಲ್ಲಿ ಅವಳು ಮತ್ತೆ ಸುಳ್ಳು ಮಳೆ ಕೂಗಿದಳು. ಮೂರನೇ ಸಲಕ್ಕೆ ಯಾರೂ ಓಡಿಬರಲಿಲ್ಲ. ಆಮೇಲೆ ಕೂಗುವುದನ್ನೇ ಬಿಟ್ಟಳು. ಕಳೆದ ತಿಂಗಳು ಒಂದು ಮಧ್ಯಾಹ್ನ ನಾನು ಕಣದ ಆಚೆ ಬದಿ ಗೋರುತ್ತಿದ್ದೆ. ತಿರುಗಿ ನೋಡಿದರೆ ಅಜ್ಜಿ ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಹತ್ತಿರ ಹೋದೆ.

"ರೇವತೀ, ದೇವರಮನೆ ಕಡೆ ನೋಡು. ಆ ಮೋಡ ನಿಂಗೂ ಕಾಣ್ತದಾ, ನಂಗೊಬ್ಳಿಗೇನಾ?"

"ಕಾಣ್ತದಜ್ಜಿ."

"ನನ್ ಸಮಾಧಾನಕ್ಕೆ ಹೇಳ್ಬ್ಯಾಡ. ನಿಜ ಹೇಳು."

"ನಿಜವಾಗ್ಲೂ ಇದೆ. ಕಪ್ಪಗಿದೆ. ಕೂಗಜ್ಜಿ!"

"ನಾನ್ ಕೂಗಿದ್ರೆ ಯಾರ್ ಬರ್ತಾರೆ? ನೀ ಕೂಗು."

ಮಾನ್ಯರೇ, ನಾನು ಹುಟ್ಟಿದಾಗಿನಿಂದ ಜೋರಾಗಿ ಮಾತಾಡಿದವಳಲ್ಲ. ಅವತ್ತು ಕೂಗಿದೆ. ಮೊದಲ ಕೂಗು ಗಂಟಲಲ್ಲೇ ಉಳಿಯಿತು. ಎರಡನೆಯದಕ್ಕೆ ಜನ ಬಂದರು. ಅರ್ಧ ಕಣ ಉಳಿಯಿತು, ಅರ್ಧ ನೆನೆಯಿತು. ಬೊಮ್ಮಯ್ಯನವರು ಈ ಸಲವೂ ಬೈಯಲಿಲ್ಲ. "ಮುಂದಿನ ಕುಯ್ಲಿಗೆ ಅಜ್ಜಿ ಮನೇಲಿರ್ಲಿ. ಗುಣ ಆದ್ಮೇಲೆ ನೋಡಾಣ" ಎಂದರು.

ಗುಣವಾಗಲು ಮಾತ್ರೆ ಬೇಕು. ಮಾತ್ರೆಗೆ ಕೂಲಿ ಬೇಕು, ಇಲ್ಲವೇ ನಿಮ್ಮ ವಿಮೆ ಬೇಕು. ಕೂಲಿಗೆ ಕಣದ ಕೆಲಸ ಬೇಕು. ಕೆಲಸಕ್ಕೆ ಅವಳು ಗುಣವಾಗಬೇಕು. ಕೆಲಸ ಹೋದರೆ ಹಾಜರಿ ಪುಸ್ತಕದಿಂದ ಹೆಸರು ಹೋಗುತ್ತದೆ. ಹೆಸರು ಹೋದರೆ ನಿಮ್ಮ ಕಾರ್ಡೂ ಹೋಗುತ್ತದೆ. ಹಾಗಾದರೆ ಮುಂದಿನ ವರ್ಷದ ಹಣವನ್ನಾದರೂ ಹಿಡಿಯಬೇಡಿ, ಅದರಲ್ಲಿ ಒಂದಷ್ಟು ದಿನದ ಮಾತ್ರೆ ಬರುತ್ತದೆ ಎಂದು ಬೊಮ್ಮಯ್ಯನವರನ್ನು ಕೇಳಿಕೊಂಡೆ. "ಬಿಡಕ್ಕೆ ಆಗಲ್ವಂತೆ ಮಾರಾಯ್ತಿ. ಗುಂಪು ವಿಮೆ. ಇದ್ರೆ ಎಲ್ರೂ, ಬಿಟ್ರೆ ಎಲ್ರೂ" ಎಂದರು. ಒಳಗೆ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಇಲಿ ಹಿಡಿಯುವ ಬೋನಿಗಾದರೂ ಒಂದು ಚೂರು ಕೊಬ್ಬರಿ ಕಟ್ಟಿರುತ್ತಾರೆ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ವಯಸ್ಸಾದವರ ಹೆದರಿಕೆಯ ಕಾಯಿಲೆಯನ್ನು ಕಾಯಿಲೆಯೆಂದು ಒಪ್ಪಿ, ದಿನಾ ನುಂಗುವ ಮಾತ್ರೆಗೂ ವಿಮೆ ಕೊಡಿ. ನಿಮಗೆ ಅಷ್ಟು ಅಧಿಕಾರ ಇಲ್ಲವೆಂದಾದರೆ ಯಾರಿಗೆ ಇದೆಯೋ ಅವರಿಗೆ ಈ ಪತ್ರ ಕಳಿಸಿ. ಏನೇನು ಸಿಗುವುದಿಲ್ಲ ಎಂಬುದನ್ನು, ಹಣ ಹಿಡಿಯುವ ಮೊದಲು, ಕಣದಲ್ಲಿ ನಿಂತು, ಕನ್ನಡದಲ್ಲಿ ಹೇಳಿ. ಇದ್ಯಾವುದೂ ಆಗದಿದ್ದರೆ ಕೊನೆಗೆ ಒಂದನ್ನು ಮಾಡಲೇಬೇಕು. ಆ ನಲವತ್ತೆರಡು ಖಾಲಿ ಪಟ್ಟಿಗಳನ್ನು ದಾರ ಬಿಚ್ಚದೆ ಅಂಚೆಯಲ್ಲಿ ವಾಪಸು ಕಳಿಸಿ. ನಿಮಗೆ ಅವು ಗುಜರಿ. ಅಜ್ಜಿ ಮಾತ್ರ ನಾನು ಅಂಚೆಯವನನ್ನು ನೋಡಿ ಮುಖ ಸಣ್ಣದು ಮಾಡಿದಾಗಲೆಲ್ಲ ನನಗೇ ಧೈರ್ಯ ಹೇಳುತ್ತಾಳೆ: "ಪಟ್ಟಿ ಅವ್ರ ಹತ್ರನೇ ಇದಾವಲ್ವಾ? ಹಂಗಾದ್ರೆ ಕೊಡ್ತಾರೆ ಬಿಡು. ಹಳೇದು ಇಟ್ಕೊಂಡು ಹೊಸದು ಕೊಡ್ದೆ ಇರೋ ಸ್ಟೋರು ಎಲ್ಲಾದ್ರೂ ಇರ್ತದಾ?"

ಇರುತ್ತದೆ ಎಂದು ಅವಳಿಗೆ ಹೇಳಲು ನನಗೆ ಬಾಯಿ ಬರುತ್ತಿಲ್ಲ. ಗಂಟು ವಾಪಸು ಬಂದರೆ ಅವಳಿಗೇ ತಿಳಿಯುತ್ತದೆ, ನಾನು ಹೇಳಬೇಕಾಗುವುದಿಲ್ಲ.

ಇಂತಿ,
ಎರಡನೇ ಸಲ ಕೂಗುತ್ತಿರುವ,
ರೇವತಿ
(ಕಣದ ಗಿಡ್ಡಮ್ಮನ ಮೊಮ್ಮಗಳು, ನಿಮ್ಮ ದಾಖಲೆಯಲ್ಲಿ "ಅವಲಂಬಿತರು: 1")
ಎಸ್ಟೇಟ್ ಲೈನ್, ಜಾವಳಿ ಕಡೆ, ಮೂಡಿಗೆರೆ ತಾಲ್ಲೂಕು
ಮಾರ್ಚ್ 2008