ದಂಡೋತಿ ಸೇತುವೆಯ ಗ್ರಾಫ್

ಜುಲೈ ೮
ಹತ್ತನೇ ತರಗತಿ. ಮತ್ತೆ ಅದೇ ರೇಖಾತ್ಮಕ ಸಮೀಕರಣಗಳ ಜೋಡಿ. ಇವತ್ತು ಮಾತ್ರ ಯಾರೂ ತೂಕಡಿಸಲಿಲ್ಲ. ಹಳೆಯ ವಿದ್ಯಾರ್ಥಿ ಕಲೀಮ್ ಶಹಾಬಾದಿನಿಂದ ಗ್ರಾಫ್ ಕ್ಯಾಲ್ಕುಲೇಟರ್ ಕಳಿಸಿದ್ದಾನೆ. ಸಮೀಕರಣ ಬರೆದು ಬಟನ್ ಒತ್ತು — ಗೆರೆಯ ರಂಗಪ್ರವೇಶ! ಎರಡು ಗೆರೆ ಕೂಡಿದಲ್ಲಿ ಉತ್ತರ. ಊರ ನಾಟಕದಲ್ಲಿ ನಾನು ಹಾಕುವ ರಾಜನ ದನಿಯಲ್ಲಿ ಗರ್ಜಿಸಿದೆ. ಮುಂದಿನ ಬೆಂಚಿನ ಹುಸ್ನಾ ಕಿವಿ ಮುಚ್ಚಿಕೊಂಡಳು. "ಸಾವಕಾಶ ಸರ್, ಮಷೀನ್ ಅಂಜತದ!"

ಜುಲೈ ೧೭, ಮಧ್ಯಾಹ್ನ
ಕಾಗಿಣಾ ಹೊಳೆ ಏರುತ್ತಿದೆ. ಶಾಲೆಗೆ ರಜೆ. ಸೇತುವೆ ಬಳಿ ನಾನು, ಕೊಡೆ, ಕ್ಯಾಲ್ಕುಲೇಟರ್. ಬೆಳಿಗ್ಗೆಯಿಂದ ತಾಸಿಗೊಂದು ಗೇಣು ನೀರು. ಹೆಚ್ಚಿಲ್ಲ, ಕಡಿಮೆಯಿಲ್ಲ. ನೀರಿಗೊಂದು ಓರೆ ಗೆರೆ, ಸೇತುವೆಯ ಎತ್ತರಕ್ಕೊಂದು ಅಡ್ಡ ಗೆರೆ. ಕೂಡುವುದು ಸಂಜೆ ಆರಕ್ಕೆ. ಜನ ನೆರೆದಿದ್ದರು. ಸಭೆ ಸಿಕ್ಕರೆ ಸುಮ್ಮನಿರುವ ಜೀವವೇ ಇದು?
"ಆರರ ತನಕ ನೀರು ಸೇತುವೆ ಮುಟ್ಟಂಗಿಲ್ಲ!"
ಭಾಗಣ್ಣನ ಎಮ್ಮೆಗಳು ಆಚೆ ದಂಡೆಯಲ್ಲಿ. "ಪಕ್ಕಾ ಏನ್ರಿ ಮಾಸ್ತರ? ಹೊಡ್ಕೊಂಡು ಬರ್ಲೇನು?"
"ಹೋಗಿ ಬಾರೋ! ಗೆರಿ ಸುಳ್ಳು ಹೇಳಂಗಿಲ್ಲ."
ಅವನ ಹೆಂಡತಿ ಬಸ್ಸಮ್ಮ ಅವನ ತೋಳು ಹಿಡಿದಳು. "ಬ್ಯಾಡ. ಅವರದು ಸ್ಟೇಜಿನ ಮಾತು."
ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ. ಭಾಗಣ್ಣ ಹೋದ.

ಅದೇ ದಿನ, ಸಂಜೆ
ಮೇಲಿನ ಹಳ್ಳಗಳೆಲ್ಲ ಒಮ್ಮೆಲೇ ಬಂದು ಕೂಡಿದವು. ನಾಲ್ಕಕ್ಕೇ ನೀರು ಸೇತುವೆ ಮೇಲೆ. ಗೆರೆಯಲ್ಲ, ಗೋಡೆ. ಭಾಗಣ್ಣ ನಟ್ಟನಡುವೆ, ಎಮ್ಮೆಗಳ ಹಿಂದೆ. ಕೂಗಿದೆ. ಮೈಕಿಲ್ಲದೆ ಊರಿಗೆಲ್ಲ ಕೇಳುವ ದನಿ... ನನಗೇ ಕೇಳಲಿಲ್ಲ.

ಜುಲೈ ೨೧
ಎರಡು ಎಮ್ಮೆ ಸಿಕ್ಕವು. ಅವನಿಲ್ಲ.
ಯಾರೂ ಬೈಯುತ್ತಿಲ್ಲ. ಚಹಾದಂಗಡಿಯ ಖಂಡೆಪ್ಪ ಚಹಾ ತಂದುಕೊಟ್ಟ. "ನೀವೇನು ಮಾಡ್ತೀರಿ ಮಾಸ್ತರ, ಹೊಳಿ ಅದು." ಚಹಾ ಆರಿತು.
ಅಳೆದಷ್ಟು ಹೊತ್ತಿಗೆ ಗೆರೆ ಸರಿಯೇ ಇತ್ತು. ಅದನ್ನು ಮುಂದಕ್ಕೆ ಎಳೆದವನು ನಾನು.

ಜುಲೈ ೨೪, ಬೆಳಿಗ್ಗೆ
ಬಸ್ಸಮ್ಮ ಬಂದಳು. ಬೈಯುತ್ತಾಳೆಂದು ತಲೆ ಬಾಗಿಸಿ ನಿಂತೆ.
"ಮಾಸ್ತರ, ಆ ಮಷೀನ್ ತಗೀರಿ. ನೀರು ಇಳೀಲಿಕತ್ತದ. ಅವ ಯಾವಾಗ ಸಿಗ್ತಾನ, ನೋಡಿ ಹೇಳ್ರಿ."
"ತಂಗಿ, ಅದು ಅದರಾಗ ಬರಂಗಿಲ್ಲ."
"ಹೋಗೂದು ಹೇಳಿದ್ರಲ್ಲ. ಬರೂದೂ ಹೇಳ್ರಿ."
ಬಟನ್ ಒತ್ತಿದೆ. ಎರಡು ಅಕ್ಷ, ನಡುವೆ ಏನೂ ಇಲ್ಲ. ಅವಳು ಕಟ್ಟೆಯ ಮೇಲೆ ಕೂತಿದ್ದಾಳೆ. ನಾನು ಇದನ್ನು ಬರೆಯುವುದು ಕಂಡು ಲೆಕ್ಕ ನಡೆದಿದೆ ಎಂದುಕೊಂಡಿದ್ದಾಳೆ. ಮಾತಾಡುತ್ತಿಲ್ಲ, ಲೆಕ್ಕ ತಪ್ಪೀತೆಂದು. ಈಗ ಎದ್ದು ಬಂದಳು.
"ಬಂತೇನ್ರಿ?"
ನಾನು —